ತಾಯ್ತನ ಮತ್ತು ಕಲೆ

ಮಗು ಜನಿಸಿದ ಮೇಲೆ ತಾಯಿಯ ದಿನವೆಲ್ಲವೂ ಹಾಲೂಡಿಸುವುದು, ಬಟ್ಟೆ ಒಗೆಯುವುದು, ನಿದ್ದೆಗೆಡುವುದರಲ್ಲಿಯೇ ಕಳೆಯುತ್ತದೆ. ಹಿಂದೆ ಹಾಡುತ್ತಿದ್ದವಳು, ಕಸೂತಿ ಹಾಕುತ್ತಿದ್ದವಳು ಅವನ್ನು ಕೈಬಿಡುತ್ತಾಳೆ. ಇದು ಸಹಜವೆಂದು ಮನೆಯವರು ಸುಮ್ಮನಿರುವುದು ಸರಿಯಲ್ಲ.

ಆಂಡರ್ಸನ್‌ಪೇಟೆಯನ್ನೇ ನೋಡಿರಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ತರುವಾಯ ಈ ಭಾಗದ ಅನೇಕರು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮರಳುತ್ತಾರೆ. ಅಂಥ ಮನೆಗಳಲ್ಲಿ ಹಗಲೆಲ್ಲ ಕೂಸಿನ ಹೊಣೆ ಬಹುಮಟ್ಟಿಗೆ ತಾಯಿಯೊಬ್ಬಳ ಮೇಲೆಯೇ ಬೀಳುತ್ತದೆ.

ಆಕೆಗೆ ದಿನಕ್ಕೆ ಅರ್ಧ ಗಂಟೆಯಾದರೂ ಬಿಡುವು ದೊರಕಿಸುವುದು ಪತಿಯ ಹಾಗೂ ಹಿರಿಯರ ಕರ್ತವ್ಯ. ಬಾಗಿಲ ಮುಂದೆ ಹೊಸದೊಂದು ರಂಗೋಲಿ ಬಿಡಿಸುವುದೂ, ತಾನೇ ಜೋಗುಳ ಕಟ್ಟಿ ಹಾಡುವುದೂ ಕಲೆಯೇ. ಹಳೆಯ ಸೀರೆಗಳಿಂದ ಕೌದಿ ಹೊಲಿಯಬಹುದು. ಸೂಜಿ, ಗುಂಡಿಗಳು ಮಾತ್ರ ಮಗುವಿಗೆ ಎಟುಕದಂತಿರಲಿ.

ವೈದ್ಯೆಯೂ ಇಬ್ಬರು ಹೆಣ್ಣುಮಕ್ಕಳ ತಾಯಿಯೂ ಆಗಿದ್ದ ಡಾ. ಅನುಪಮಾ ನಿರಂಜನ (1934–1991) ಅವರು ಕಾದಂಬರಿಗಳಲ್ಲದೆ ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ಯನ್ನೂ ಬರೆದರು. ತಾಯ್ತನವು ಕಲೆಗೆ ಅಡ್ಡಿಯಾಗಬೇಕಿಲ್ಲ.

ಒಂದು ಎಚ್ಚರಿಕೆ: ಹೆರಿಗೆಯ ನಂತರದ ಅಳು, ಬೇಸರಗಳು ಸಾಮಾನ್ಯವಾಗಿ ಎರಡು ವಾರಗಳೊಳಗೆ ಶಮನವಾಗುತ್ತವೆ. ಅದಕ್ಕೂ ಮೀರಿ ಉಳಿದರೆ, ಪ್ರಿಯವಾದ ಕೆಲಸದಲ್ಲಿಯೂ ಮನಸ್ಸು ನಿಲ್ಲದಿದ್ದರೆ, ಅದನ್ನು ಸೋಮಾರಿತನವೆಂದು ಜರೆಯಬೇಡಿರಿ. ಅದು ಬಾಣಂತಿಯ ಖಿನ್ನತೆಯಾಗಿರಬಹುದು. ಇದಕ್ಕೆ ಚಿಕಿತ್ಸೆಯುಂಟು, ಹಾಡು, ರಂಗೋಲಿಗಳು ಅದಕ್ಕೆ ಬದಲಿಯಲ್ಲ. ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಿರಿ. ತನಗಾಗಲಿ ಮಗುವಿಗಾಗಲಿ ಹಾನಿ ಮಾಡುವ ಯೋಚನೆ ಸುಳಿದರೆ, ತಾಯಿಯನ್ನು ಒಂಟಿಯಾಗಿ ಬಿಡದೆ ಕೂಡಲೇ ಕರೆತನ್ನಿರಿ.