ಫಾಲ್ಗುಣದ ಮಳೆ ಮತ್ತು ದೆಹಲಿಯ ಹೂಪಾತಿ

ಕರ್ನಾಟಕದಲ್ಲಿ ಬಾಲ್ಯ ಕಳೆದು ರಾಜಧಾನಿಯಲ್ಲಿ ನೆಲೆಸಿದ ನಮ್ಮಂಥವರಿಗೆ ವಸಂತದ ಮಳೆ ಎಂದೊಡನೆ ನೆನಪಾಗುವುದು ಏಪ್ರಿಲ್ ತಿಂಗಳ ಸಂಜೆ ಗುಡುಗಿನೊಡನೆ ಬಂದು ಗಂಟೆಯೊಳಗೆ ಮುಗಿದುಹೋಗುವ ಮಳೆ. ಕಾದ ನೆಲ ಆ ನೀರನ್ನೆಲ್ಲ ಹೀರಿಕೊಂಡು ಮರುದಿನ ಮಧ್ಯಾಹ್ನದ ಹೊತ್ತಿಗೆ ಏನೂ ಆಗದಂತೆ ಒಣಗಿರುತ್ತದೆ. ದೆಹಲಿಯ ವಸಂತದ ಮಳೆ ಅಂಥದಲ್ಲ. ಫೆಬ್ರವರಿಯ ನಡುಭಾಗದಿಂದ ಮಾರ್ಚ್ ಕೊನೆಯವರೆಗೆ, ಮನೆಯಂಗಳದ ಹೂಪಾತಿಗಳು ವರ್ಷದಲ್ಲೇ ಅತ್ಯಂತ ಸೊಗಸಾಗಿರುವ ಹೊತ್ತಿನಲ್ಲಿ, ಅದು ತಣ್ಣನೆಯ ಗಾಳಿಯನ್ನು ಕಟ್ಟಿಕೊಂಡು ಬರುತ್ತದೆ. ಎರಡು ದಿನ ಮೋಡ ಕವಿದೇ ಇರುತ್ತದೆ. ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ಮಳೆ ನಿಂತ ಮೇಲೆ ಹೊರಗೆ ಬಂದು ನೋಡಿದರೆ ಪೆಟೂನಿಯಾ ಹೂಗಳು ಒದ್ದೆ ಕಾಗದದಂತೆ ಎಲೆಗಳಿಗೆ ಅಂಟಿಕೊಂಡಿರುತ್ತವೆ, ಡೇಲಿಯಾ ನೆಲಕ್ಕೆ ತಲೆಯಿಟ್ಟಿರುತ್ತದೆ, ಪಾತಿಯ ನಡುವೆ ನೀರು ನಿಂತಿರುತ್ತದೆ. ಅದನ್ನು ಮತ್ತೆ ಓರಣಕ್ಕೆ ತರುವ ಬಗೆಯನ್ನು ಕುರಿತು, ಹಲವು ವರ್ಷಗಳಿಂದ ಇಲ್ಲಿನ ಮಣ್ಣಿನಲ್ಲಿ ಕೈಯಾಡಿಸಿದ ಅನುಭವದಿಂದ ಕೆಲವು ಮಾತುಗಳನ್ನು ಓದುಗರೊಡನೆ ಹಂಚಿಕೊಳ್ಳುತ್ತಿದ್ದೇನೆ.

ಈ ಮಳೆಯ ಊರು ಬಲು ದೂರದ್ದು. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟುವ ವಾಯುಭಾರ ಕುಸಿತಗಳು ಎತ್ತರದ ಪಶ್ಚಿಮದ ಗಾಳಿಯ ಪ್ರವಾಹದಲ್ಲಿ ತೇಲುತ್ತ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಹಿಮಾಲಯದ ತಪ್ಪಲಿಗೆ ಬಂದು ತಲಪುತ್ತವೆ. ಹವಾಮಾನ ತಜ್ಞರು ಇವನ್ನು ಪಶ್ಚಿಮದ ಪ್ರಕ್ಷುಬ್ಧತೆ ಎನ್ನುತ್ತಾರೆ. ಪಂಜಾಬ್, ಹರಿಯಾಣಗಳ ಗೋಧಿಗೆ ಚಳಿಗಾಲದಲ್ಲಿ ಇದೇ ಅಮೃತ; ಗೋಧಿ ಹಣ್ಣಾಗುವ ಮಾರ್ಚ್‌ನಲ್ಲಿ ಬಂದರೆ ಇದೇ ಕಂಟಕ. ಹೂಪಾತಿಯ ಪಾಡೂ ಹೆಚ್ಚುಕಡಿಮೆ ಹಾಗೆಯೇ. ದೆಹಲಿಯಲ್ಲಿ ಮಾರ್ಚ್ ತಿಂಗಳ ವಾಡಿಕೆಯ ಮಳೆ 20 ಮಿಲಿಮೀಟರಿಗಿಂತ ಕಡಿಮೆ. ಆದರೆ 2020ರ ಮಾರ್ಚ್‌ನಲ್ಲಿ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 100 ಮಿಲಿಮೀಟರಿಗೂ ಮಿಕ್ಕಿ ಮಳೆ ದಾಖಲಾಯಿತು. ಆ ವರ್ಷ ನನ್ನ ಪಾತಿಗೆ ನಾನೇ ಮಾಡಿದ ಅಪಚಾರವನ್ನು ಮೊದಲು ಹೇಳಿಬಿಡುತ್ತೇನೆ. ಮಿಕ್ಕ ಮಾತೆಲ್ಲ ಅದರಿಂದಲೇ ಹುಟ್ಟಿದ್ದು.

ನಮ್ಮದು ನೆಲಮಹಡಿಯ ಮನೆ. ಎದುರಿಗೆ ಹದಿನೈದು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದೇ ಪಾತಿ. ಅದರ ಗೋಡೆಯ ಬದಿಯಲ್ಲಿ ಹಾಲಿಹಾಕ್ ಗಿಡಗಳ ಸಾಲು. ತಾಯಿಯವರು 1980ರ ದಶಕದಲ್ಲಿ ನೆರೆಮನೆಯಿಂದ ಒಂದು ಮುಷ್ಟಿ ಬೀಜ ತಂದು ಬಿತ್ತಿದ್ದರಂತೆ. ಅಂದಿನಿಂದ ಪ್ರತಿವರ್ಷ ಮೇ ತಿಂಗಳಲ್ಲಿ ಬೀಜ ಹಿಡಿದಿಡುವುದು, ಅಕ್ಟೋಬರ್‌ನಲ್ಲಿ ಬಿತ್ತುವುದು. ಆ ವರ್ಷ ಮಾರ್ಚ್ ಮೊದಲ ವಾರದ ಮಳೆ ನಿಂತೊಡನೆ, ಪಾತಿ ಕೆಸರಾಗಿದೆ, ಮಣ್ಣನ್ನು ಸಡಿಲ ಮಾಡಿದರೆ ಬೇಗ ಒಣಗೀತು ಎಂಬ ಆತುರದಲ್ಲಿ ಪಾತಿಯೊಳಗೇ ಕಾಲಿಟ್ಟು ಗುದ್ದಲಿಯಿಂದ ಅಗೆದೆ. ವಾರದೊಳಗೆ ಮತ್ತೆ ಮಳೆ. ಬಿಸಿಲು ಬಂದಾಗ ಆ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಗಿಡಗಳ ಕೆಳಗಿನ ಎಲೆಗಳು ಹಳದಿಗಟ್ಟಿದವು; ನೀರು ಸಾಲದೆಂದು ಭಾವಿಸಿ ಮತ್ತಷ್ಟು ನೀರು ಹಾಕಿದೆ. ಬೇರು ಕೊಳೆತು ಹಾಲಿಹಾಕ್ ಸಾಲು ಬೀಜ ಕಟ್ಟುವ ಮೊದಲೇ ಹೋಯಿತು. ಬೇರೆ ಸಸಿ ತರೋಣವೆಂದರೆ ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿತು.

ಆದದ್ದಿಷ್ಟು. ಯಮುನೆಯ ಬಯಲಿನ ಮೆಕ್ಕಲು ಮಣ್ಣಿನ ಕಣಗಳು ಬಲು ಸಣ್ಣವು. ಮಳೆಯ ಹನಿ ಬಿದ್ದಾಗ ಮೇಲಿನ ಮಣ್ಣಿನ ಹರಳುಗಳು ಒಡೆದು, ಸಣ್ಣ ಕಣಗಳು ರಂಧ್ರಗಳಲ್ಲಿ ಕೂತು, ಒಣಗಿದಾಗ ಹಪ್ಪಳದಂತೆ ಒಂದು ಹೆಪ್ಪು ಕಟ್ಟುತ್ತದೆ. ಆ ಹೆಪ್ಪು ನೀರನ್ನೂ ಸಲೀಸಾಗಿ ಇಳಿಯಗೊಡದು, ಗಾಳಿಯನ್ನೂ ಒಳಬಿಡದು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ರಂಧ್ರಗಳಲ್ಲಿ ಬರೀ ನೀರೇ ತುಂಬಿಕೊಂಡರೆ ಬೇರು ಉಸಿರುಗಟ್ಟುತ್ತದೆ. ಉಸಿರುಗಟ್ಟಿದ ಬೇರಿಗೆ ನೀರನ್ನು ಮೇಲಕ್ಕೆಳೆಯುವ ಶಕ್ತಿಯೂ ಇರದು. ಆದ್ದರಿಂದಲೇ ನೀರಿನಲ್ಲಿ ನಿಂತ ಗಿಡವೂ ಬಾಯಾರಿದ ಗಿಡದಂತೆಯೇ ಬಾಡಿ ನಿಲ್ಲುತ್ತದೆ. ಒದ್ದೆ ಮಣ್ಣನ್ನು ತುಳಿದರೆ, ಅಗೆದರೆ ಇರುವ ರಂಧ್ರಗಳೂ ಮುಚ್ಚಿಹೋಗುತ್ತವೆ. ಕುಂಬಾರ ಮಣ್ಣನ್ನು ತುಳಿಯುವುದು ಅದಕ್ಕೇ ಅಲ್ಲವೇ?

ಹಾಗಾಗಿ ಮಳೆ ನಿಂತ ದಿನ ಮಾಡಬೇಕಾದ ಕೆಲಸವೆಂದರೆ ಪಾತಿಯೊಳಗೆ ಕಾಲಿಡದಿರುವುದು. ಅಂಚಿನಲ್ಲಿ ನಿಂತು ಹೂಗೊಂಚಲುಗಳನ್ನು ಮೆಲ್ಲನೆ ಅಲುಗಿಸಿ ನೀರನ್ನು ಉದುರಿಸಬಹುದು, ಬಾಗಿದ ಗಿಡಗಳಿಗೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಬಹುದು. ಮಣ್ಣಿನ ಕೆಲಸಕ್ಕೆ ಎರಡು ಮೂರು ದಿನ ಕಾಯಬೇಕು. ಹದ ತಿಳಿಯಲು ಸುಲಭ ಉಪಾಯವಿದೆ. ನಾಲ್ಕು ಬೆರಳಿನ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿ ನೋಡಿ. ರವೆ ಉಂಡೆಯಂತೆ ಪುಡಿಯಾದರೆ ಕೆಲಸಕ್ಕೆ ಹದ ಬಂದಿದೆ. ಚಪಾತಿ ಹಿಟ್ಟಿನಂತೆ ಚಪ್ಪಟೆಯಾದರೆ ಇನ್ನೂ ಒಂದು ದಿನ ಸುಮ್ಮನಿರಬೇಕು. ಹದ ಬಂದಾಗಲೂ ಗುದ್ದಲಿ ಬೇಡ. ಕುರ್ಪಿಯ ತುದಿಯಿಂದ ಮೇಲಿನ ಒಂದು ಅಂಗುಲದ ಹೆಪ್ಪನ್ನು ಒಡೆದರೆ ಸಾಕು. ಪೆಟೂನಿಯಾ, ಫ್ಲಾಕ್ಸ್, ಪ್ಯಾನ್ಸಿಗಳ ಬೇರು ಮೇಲೆಯೇ ಹರಡಿರುತ್ತದೆ. ಆಳಕ್ಕೆ ಹೋದರೆ ಅವು ಕತ್ತರಿಸಿಹೋಗುತ್ತವೆ. ವಾರಕ್ಕೊಮ್ಮೆ ಬರುವ ಮಾಲಿಗೆ ಇದನ್ನು ಒಪ್ಪಿಸುವುದು ಮಾತ್ರ ಕಷ್ಟ. ಅಗೆಯದಿದ್ದರೆ ಕೆಲಸವೇ ಆಗಲಿಲ್ಲವೆಂದು ಅವನ ಭಾವನೆ.

ನೀರು ನಿಲ್ಲುವ ಜಾಗವನ್ನು ಮಳೆ ಬರುತ್ತಿರುವಾಗಲೇ ಕಿಟಕಿಯಿಂದ ನೋಡಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಮಲೆನಾಡಿನ ಅಡಕೆ ತೋಟದವರಿಗೆ ಬಸಿಗಾಲುವೆಯ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ತತ್ತ್ವವನ್ನೇ ಅಂಗೈಯಗಲದ ಪಾತಿಗೂ ಅನ್ವಯಿಸಬಹುದು. ಪಾತಿಯ ತಗ್ಗಿನ ಬದಿಯಲ್ಲಿ ಒಂದು ಗೇಣು ಆಳದ ಸಣ್ಣ ಕಾಲುವೆ ತೋಡಿ ಹುಲ್ಲುಹಾಸಿನ ಕಡೆಗೋ ಚರಂಡಿಯ ಕಡೆಗೋ ಬಿಟ್ಟರೆ ಮುಂದಿನ ಮಳೆಯ ಅರ್ಧ ತೊಂದರೆ ತಪ್ಪುತ್ತದೆ. ಇಲ್ಲಿ ಡೇಲಿಯಾದ ಮಾತು ಹೇಳಲೇಬೇಕು. ಮಲೆನಾಡಿನ ಮನೆಗಳಲ್ಲಿ ಡೇರೆ ಎಂದು ಕರೆಯುವ ಈ ಹೂ ಅಲ್ಲಿ ಮಳೆಗಾಲದಲ್ಲೇ ಅರಳುವುದರಿಂದ, ಮಳೆಯೆಂದರೆ ಇದಕ್ಕೆ ಪ್ರಾಣ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಆದರೆ ಅಲ್ಲಿ ಡೇರೆ ಬೆಳೆಯುವುದು ಇಳಿಜಾರಿನ ಅಂಗಳದಲ್ಲಿ, ಏರುಮಡಿಯ ಮೇಲೆ. ಬಿದ್ದ ನೀರು ಬಿದ್ದಂತೆಯೇ ಹರಿದುಹೋಗುತ್ತದೆ. ದೆಹಲಿಯ ಸಮತಟ್ಟಾದ ಪಾತಿಯಲ್ಲಿ ಎರಡು ದಿನ ನೀರು ನಿಂತರೆ ಅದೇ ಗೆಡ್ಡೆ ಕೊಳೆಯುತ್ತದೆ. ನೀರು ತುಂಬಿಕೊಂಡ ದೊಡ್ಡ ಹೂವಿನ ಭಾರಕ್ಕೆ ಟೊಳ್ಳು ಕಾಂಡ ಮುರಿಯುತ್ತದೆಯಾದ್ದರಿಂದ, ಪೂರ್ತಿ ಅರಳಿದ ಡೇಲಿಯಾವನ್ನು ಮೋಡ ಕಂಡ ದಿನವೇ ಕತ್ತರಿಸಿ ಹೂದಾನಿಗೆ ತರುವುದು ಜಾಣತನ.

ಇನ್ನು ಹೂ ಕೀಳುವ ವಿಚಾರ. ಪಾತಿಯ ಅಂದಕ್ಕೆ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಮತ್ತೊಂದಿಲ್ಲ. ಇಲ್ಲಿ ಚಳಿಗಾಲಕ್ಕೆ ಹಾಕುವ ಹೂಗಿಡಗಳಲ್ಲಿ ಬಹುಪಾಲು ಒಂದೇ ಋತುವಿನವು. ಬೀಜ ಕಟ್ಟಿ ವಂಶವನ್ನು ಮುಂದುವರಿಸುವುದೇ ಅವುಗಳ ಬದುಕಿನ ಉದ್ದೇಶ. ಬೀಜ ಬಲಿಯತೊಡಗಿದೊಡನೆ ಗಿಡದ ಆಹಾರವೆಲ್ಲ ಅತ್ತ ಹರಿದು ಹೊಸ ಮೊಗ್ಗು ನಿಂತುಹೋಗುತ್ತದೆ. ಬಾಡಿದ ಹೂವನ್ನು ತೆಗೆದರೆ ಗಿಡ ಮತ್ತೆ ಪ್ರಯತ್ನಿಸುತ್ತದೆ. ಆದರೆ ಎಸಳನ್ನಷ್ಟೇ ಕಿತ್ತರೆ ಪ್ರಯೋಜನವಿಲ್ಲ. ಹೂವಿನ ಬುಡದಲ್ಲಿ ಹಸಿರಾಗಿ ಉಬ್ಬಿರುವ ಅಂಡಾಶಯ ಸಮೇತ, ಕೆಳಗಿನ ಎಲೆಯ ಜೋಡಿಯವರೆಗೆ ಚಿವುಟಬೇಕು. ಮಳೆಯಲ್ಲಿ ನೆಂದ ಎಸಳುಗಳು ಎಲೆಯ ಮೇಲೆ ಕೂತರೆ ಬೂದುಬಣ್ಣದ ಬೂಷ್ಟು ಅಲ್ಲಿಂದಲೇ ಶುರುವಾಗುವುದರಿಂದ ಈ ಕೆಲಸಕ್ಕೆ ವಸಂತದ ಮಳೆಯಲ್ಲಿ ಇಮ್ಮಡಿ ಮಹತ್ವ. ಪೆಟೂನಿಯಾ ತೀರ ಜೋಲುಬಿದ್ದಿದ್ದರೆ ಮೂರನೆಯ ಒಂದು ಭಾಗವನ್ನು ಧೈರ್ಯವಾಗಿ ಕತ್ತರಿಸಿ. ಬಿಸಿಲು ಬಂದ ಎರಡು ಮೂರು ವಾರಗಳಲ್ಲಿ ಪುನಃ ಹೂ ಬಿಡುತ್ತದೆ. ಕ್ಯಾಲೆಂಡುಲಾ, ಡಯಾಂಥಸ್, ಸ್ನ್ಯಾಪ್‌ಡ್ರಾಗನ್‌ಗಳೂ ಈ ಉಪಚಾರಕ್ಕೆ ಒಗ್ಗುತ್ತವೆ. ಲಾರ್ಕ್‌ಸ್ಪರ್ ಮತ್ತು ಗಸಗಸೆ ಜಾತಿಯ ಹೂಗಳಿಗೆ ಇದು ಹೇಳಿದ್ದಲ್ಲ. ಅವು ಒಮ್ಮೆ ಅರಳಿ ಮುಗಿಸುವವು; ಬೀಜಕ್ಕೆ ಬಿಟ್ಟುಬಿಡುವುದೇ ಲೇಸು.

ಮೋಡ ಮುಸುಕಿದ ದಿನಗಳ ಬೆನ್ನಿಗೇ ಗಿಡಹೇನು ಬರುತ್ತದೆ. ಹೋಳಿಯ ಆಸುಪಾಸಿನಲ್ಲಿ ಎಳೆಯ ಚಿಗುರು, ಮೊಗ್ಗಿನ ತೊಟ್ಟುಗಳಲ್ಲಿ ಹಸಿರು ಅಥವಾ ಕಪ್ಪು ಚುಕ್ಕೆಗಳಂತೆ ಗುಂಪಾಗಿ ಕೂತಿರುತ್ತದೆ. ಕಡಿಮೆ ಇದ್ದರೆ ಕೊಳವೆಯ ನೀರಿನ ರಭಸಕ್ಕೇ ಉದುರುತ್ತದೆ. ಹೆಚ್ಚಿದ್ದರೆ ಸ್ವಲ್ಪ ಸಾಬೂನು ಬೆರೆಸಿದ ಬೇವಿನೆಣ್ಣೆಯ ನೀರನ್ನು ಸಂಜೆಯ ಹೊತ್ತು ಸಿಂಪಡಿಸಬೇಕು. ಹಾಲಿಹಾಕ್ ಎಲೆಯ ಅಡಿಯಲ್ಲಿ ತುಕ್ಕಿನಂತಹ ಕಂದು ಗುಳ್ಳೆಗಳು ಕಂಡರೆ ಆ ಎಲೆಗಳನ್ನು ಒಣಗಿದ ಹೊತ್ತಿನಲ್ಲಿ ಕಿತ್ತು ಮನೆಯ ಗೊಬ್ಬರದ ಗುಂಡಿಗೆ ಹಾಕದೆ ಹೊರಗೆ ಎಸೆಯಬೇಕು. ತೋಟದ ಮನೆಗಳಿಂದ ಬಂದವರು ಕೂಡಲೇ ಬೋರ್ಡೋ ದ್ರಾವಣವನ್ನು ನೆನೆಯುತ್ತಾರೆ. ಅಡಕೆಯ ಗೊನೆಗೆ ಅದು ರಕ್ಷೆ ಸರಿ; ಅರಳಿದ ಹೂವಿನ ಮೇಲೆ ನೀಲಿ ಕಲೆ ಉಳಿಸುತ್ತದೆ. ಹೂಗಿಡಗಳನ್ನು ಒತ್ತೊತ್ತಾಗಿ ಬಿಡದೆ, ನೆಲಕ್ಕೆ ತಾಗುವ ಎಲೆಗಳನ್ನು ತೆಗೆದು ಬುಡದಲ್ಲಿ ಗಾಳಿಯಾಡುವಂತೆ ಮಾಡಿದರೆ ಔಷಧಿಯ ಅಗತ್ಯ ಬಹುಮಟ್ಟಿಗೆ ಬರುವುದಿಲ್ಲ.

ಮಳೆಯ ಬಳಿಕ ಎಲೆ ಹಳದಿಯಾದರೆ ಯೂರಿಯಾ ಎರಚುವ ರೂಢಿಯೂ ಇದೆ. ಮಳೆಯ ನೀರು ಮಣ್ಣಿನ ಸಾರಜನಕವನ್ನು ಕೆಳಕ್ಕೆ ಒಯ್ಯುವುದು ನಿಜವೇ. ಆದರೆ ಬೇರು ಸುಸ್ತಾಗಿರುವಾಗ ಗೊಬ್ಬರ ಹಾಕುವುದು ಜ್ವರ ಬಿಟ್ಟ ದಿನ ಹೋಳಿಗೆ ಬಡಿಸಿದಂತೆ. ಚಿಗುರು ಮೆತ್ತಗಾಗಿ ಹೇನಿಗೆ ಔತಣವಾಗುವುದೂ ಉಂಟು. ವಾರದ ನಂತರ ಇಲ್ಲಿನ ವಾಡಿಕೆಯಂತೆ ಸಾಸಿವೆ ಹಿಂಡಿಯನ್ನು ನಾಲ್ಕೈದು ದಿನ ನೆನೆಸಿ, ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಬುಡಕ್ಕೆ ಹಾಕಿದರೆ ಸಾಕು. ಅದರ ನಾತಕ್ಕೆ ಮನೆಯವರಿಂದ ಬೈಗುಳ ಕೇಳಲು ಸಿದ್ಧರಿರಬೇಕು.

ಕಳೆಗೂ ಇದು ಸುಗ್ಗಿ. ಗರಿಕೆ, ಕೊನ್ನಾರಿಗಳನ್ನು ಮಣ್ಣು ಹದವಾಗಿರುವಾಗಲೇ ಗೆಡ್ಡೆ ಸಮೇತ ಎಳೆದುಬಿಡಬೇಕು. ಪಾತಿಯ ಸಂದುಗಳಲ್ಲಿ ತಾನಾಗಿ ಹುಟ್ಟುವ ಬಥುವಾವನ್ನು ಮಾತ್ರ ಎಸೆಯಬೇಡಿ. ನಮ್ಮ ಊರಿನ ಚಕ್ಕೋತ ಸೊಪ್ಪು ಅದೇ. ಔಷಧಿ ಹೊಡೆಯದ ಪಾತಿಯದಾದರೆ ಒಂದು ಹೊತ್ತಿನ ಮಸ್ಸೊಪ್ಪಿಗಾಯಿತು.

ಕುಂಡಗಳಲ್ಲಿ ಬೆಳೆಸುವವರಿಗೆ ಕೆಲಸ ಕಡಿಮೆ. ಅಡಿಯ ತಟ್ಟೆಗಳನ್ನು ತೆಗೆದು, ತೂತು ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಿ, ಕುಂಡವನ್ನು ಎರಡು ಇಟ್ಟಿಗೆಯ ಮೇಲಿರಿಸಿದರೆ ಆಯಿತು. ತಟ್ಟೆಯಲ್ಲಿ ನಿಂತ ನೀರು ಸೊಳ್ಳೆಗೂ ಮನೆ.

ದೆಹಲಿಯ ವಸಂತ ಐದಾರು ವಾರಗಳದ್ದು. ಏಪ್ರಿಲ್ ಕಳೆಯುವಷ್ಟರಲ್ಲಿ ಉಷ್ಣತೆ 40 ಡಿಗ್ರಿಯನ್ನು ಮುಟ್ಟಿ ಪ್ಯಾನ್ಸಿ, ಫ್ಲಾಕ್ಸ್‌ಗಳು ಒಣಗುತ್ತವೆ. ಮಳೆಯಿಂದ ಹವೆ ತಂಪಾಗಿ ಉಳಿದ ವರ್ಷ, ನೀರು ಬಸಿದುಹೋಗುವ ಪಾತಿಯಲ್ಲಿ ಈ ಅವಧಿ ಹತ್ತು ಹನ್ನೆರಡು ದಿನ ಹೆಚ್ಚಿದ್ದನ್ನೂ ಕಂಡಿದ್ದೇನೆ. ಮಳೆಗೆ ಸತ್ತ ಗಿಡಗಳ ಖಾಲಿ ಜಾಗಕ್ಕೆ ಮಾರ್ಚ್ ಕೊನೆಯಲ್ಲಿ ಮತ್ತೆ ಚಳಿಗಾಲದ ಸಸಿ ತಂದು ನೆಡುವುದು ಹಣ ದಂಡ. ಫೆಬ್ರವರಿ ಕೊನೆಯಲ್ಲೇ ಒಂದು ತಟ್ಟೆಯಲ್ಲಿ ಜಿನ್ನಿಯಾ, ಕಾಸ್ಮಾಸ್ ಬಿತ್ತಿಟ್ಟುಕೊಂಡಿದ್ದರೆ ಆ ಸಸಿಗಳು ಅಷ್ಟು ಹೊತ್ತಿಗೆ ನಾಟಿಗೆ ಬಂದಿರುತ್ತವೆ. ಬಿಸಿಲಿನ ಅಂಚಿಗೆ ಹತ್ತುಗಂಟೆ ಹೂವಿನ ತುಂಡುಗಳನ್ನು ಚುಚ್ಚಿದರೂ ನಡೆಯುತ್ತದೆ. ಬೀಜಕ್ಕೆಂದು ಬಿಡುವ ಗಿಡಗಳಿಗೆ ಫೆಬ್ರವರಿಯಲ್ಲೇ ಬಣ್ಣದ ದಾರ ಕಟ್ಟಿ ಗುರುತಿಡಿ, ಪಾತಿಯ ಅತಿ ಎತ್ತರದ ತುದಿಯಲ್ಲಿರುವ ಗಿಡಗಳನ್ನೇ ಆರಿಸಿ. ಒದ್ದೆಯಿರುವ ಬೀಜದ ಕಾಯಿಯನ್ನು ಡಬ್ಬಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಕಾಗದದ ಲಕೋಟೆಯಲ್ಲಿ ನೆರಳಿನಲ್ಲಿ ಒಣಗಬೇಕು. ಒಂದು ಪಾಲನ್ನು ಬೇರೆಯವರಿಗೂ ಕೊಟ್ಟಿರಬೇಕು. 2020ರ ಶರತ್ಕಾಲದಲ್ಲಿ ನಮ್ಮ ಹಾಲಿಹಾಕ್ ನಮಗೆ ಮರಳಿ ಸಿಕ್ಕಿದ್ದು, ಎಂದೋ ಬೀಜ ಒಯ್ದಿದ್ದ ಮೂರನೆಯ ಬೀದಿಯ ಕನ್ನಡಿಗರ ಮನೆಯಿಂದ. ಅವರದು ತಾರಸಿಯ ಕುಂಡದ ಗಿಡ, ಅಷ್ಟು ಮಳೆಯಲ್ಲೂ ನೀರು ನಿಂತಿರಲಿಲ್ಲ.

ಕೊನೆಯದಾಗಿ ದುಂಡು ಮಲ್ಲಿಗೆ. ಇಲ್ಲಿನವರ ಮೋಗ್ರಾ. ಚಳಿ ಮುಗಿಯುವ ಹೊತ್ತಿಗೆ ಸವರಿದ ಮಲ್ಲಿಗೆ ಗಿಡ ಮಾರ್ಚ್‌ನಲ್ಲಿ ಚಿಗುರುತ್ತದೆ. ತುಸು ಬಾಯಾರಿಸಿ ಬಿಟ್ಟರೆ ಅದು ಚೆನ್ನಾಗಿ ಮೊಗ್ಗು ಕಟ್ಟುತ್ತದೆ. ಮಳೆ ಬಿದ್ದ ವಾರ ಅದಕ್ಕೆ ಒಂದು ಲೋಟ ನೀರೂ ಬೇಡ. ಯುಗಾದಿ ಮಾರ್ಚ್‌ನಲ್ಲೇ ಬಂದುಬಿಟ್ಟರೆ ಈ ಊರಿನ ಬೇವಿನಮರಗಳು ಇನ್ನೂ ಹಳೆಯ ಎಲೆ ಉದುರಿಸುತ್ತಿರುತ್ತವೆ, ಬೇವಿನ ಹೂ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಬಂದ ವರ್ಷ, ಬುಡದಲ್ಲಿ ನೀರು ನಿಲ್ಲದ ಗಿಡದಿಂದ ದೇವರ ಮುಂದಿಡಲು ಒಂದು ಬೊಗಸೆ ಮಲ್ಲಿಗೆ ಮೊಗ್ಗಾದರೂ ಸಿಕ್ಕೀತು.