ವಿತರಣಾ ಕೆಲಸದ ವಿದ್ಯುತ್ ದ್ವಿಚಕ್ರ ವಾಹನ

ವಿತರಣಾ ಕೆಲಸದ ವಿದ್ಯುತ್ ದ್ವಿಚಕ್ರ ವಾಹನವು ಆಹಾರ, ದಿನಸಿ, ಔಷಧಿ, ಪಾರ್ಸೆಲ್ ಮುಂತಾದವುಗಳನ್ನು ಮನೆಮನೆಗೆ ತಲುಪಿಸಲು ಬಳಸುವ ಬ್ಯಾಟರಿಚಾಲಿತ ಸೈಕಲ್ ಅಥವಾ ಸ್ಕೂಟರ್ ಆಗಿದೆ. ಸವಾರನ ಸಂಪಾದನೆ ವಾಹನ ಓಡುವ ಗಂಟೆಗಳನ್ನು ಅವಲಂಬಿಸಿರುವುದರಿಂದ, ಬೆಲೆಗಿಂತ ಮೊದಲು ದಿನದ ದೂರ, ಹೊರೆ ಮತ್ತು ಚಾರ್ಜಿಂಗ್ ಸೌಲಭ್ಯಗಳನ್ನು ಲೆಕ್ಕಹಾಕಬೇಕಾಗುತ್ತದೆ.

ಕಾನೂನಿನ ವರ್ಗೀಕರಣ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಹಾಗೂ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿದ್ದು, ಬ್ಯಾಟರಿ ಹೊರತುಪಡಿಸಿದ ತೂಕ 60 ಕೆ.ಜಿ. ಮೀರದ ದ್ವಿಚಕ್ರ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಇದಕ್ಕೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ವೇಗಮಿತಿಯನ್ನು ತೆಗೆಸಿದಲ್ಲಿ ಈ ವಿನಾಯಿತಿ ಉಳಿಯುವುದಿಲ್ಲ. ವಿಮೆಯಿಲ್ಲದೆ ಅಪಘಾತವಾದರೆ ಪರಿಹಾರದ ಹೊರೆ ಸವಾರನ ಮೇಲೆಯೇ ಬೀಳಬಹುದು. ಹೆಚ್ಚು ವೇಗದ ವಾಹನಗಳಿಗೆ ನೋಂದಣಿ, ಪರವಾನಗಿ ಮತ್ತು ವಿಮೆ ಕಡ್ಡಾಯ.

ಬ್ಯಾಟರಿಯ ಲೆಕ್ಕ

ವೋಲ್ಟ್ ಮತ್ತು ಆಂಪಿಯರ್-ಗಂಟೆಗಳ ಗುಣಲಬ್ಧವೇ ಬ್ಯಾಟರಿಯ ಸಾಮರ್ಥ್ಯ. ಉದಾಹರಣೆಗೆ, 48 ವೋಲ್ಟ್, 30 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1440 ವ್ಯಾಟ್-ಗಂಟೆ, ಅಂದರೆ ಸುಮಾರು ಒಂದೂವರೆ ಯೂನಿಟ್ ವಿದ್ಯುತ್ ಇರುತ್ತದೆ. ಪ್ರತಿ ಕಿ.ಮೀ.ಗೆ 25 ವ್ಯಾಟ್-ಗಂಟೆ ಖರ್ಚಾಗುವುದೆಂದೂ ಶೇ. 20ರಷ್ಟನ್ನು ಮೀಸಲಿಡಬೇಕೆಂದೂ ಇಟ್ಟುಕೊಂಡರೆ, ಇದು ಸುಮಾರು 46 ಕಿ.ಮೀ. ಓಡುತ್ತದೆ. ಇದೇ ಲೆಕ್ಕದಲ್ಲಿ ದಿನಕ್ಕೆ 80 ಕಿ.ಮೀ. ಓಡಬೇಕಾದವನಿಗೆ 2500 ವ್ಯಾಟ್-ಗಂಟೆ ಬೇಕು. ಹೊರೆ, ಪದೇ ಪದೇ ನಿಂತು ಹೊರಡುವುದು ಮತ್ತು ಏರುದಾರಿಗಳಿಂದ ಖರ್ಚು ಹೆಚ್ಚುತ್ತದೆ. ವಾಹನ, ಸವಾರ ಮತ್ತು ಸರಕು ಸೇರಿ 200 ಕೆ.ಜಿ. ಇದ್ದರೆ, 100 ಮೀಟರ್ ಎತ್ತರ ಏರಲು ಮಾತ್ರವೇ ಸುಮಾರು 55 ವ್ಯಾಟ್-ಗಂಟೆ ಹೆಚ್ಚುವರಿಯಾಗಿ ಬೇಕಾಗುತ್ತದೆ.

ಚಾರ್ಜಿಂಗ್ ಮತ್ತು ವಿನಿಮಯ

48 ವೋಲ್ಟ್, 6 ಆಂಪಿಯರ್‌ನ ಚಾರ್ಜರ್ ಮೇಲಿನ ಬ್ಯಾಟರಿಯನ್ನು ತುಂಬಲು 5 ಗಂಟೆಗೂ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಈ ಕಾಯುವಿಕೆಯನ್ನು ತಪ್ಪಿಸಲು ಬರಿದಾದ ಬ್ಯಾಟರಿಯನ್ನು ಕೊಟ್ಟು ತುಂಬಿದ್ದನ್ನು ಪಡೆಯುವ ವಿನಿಮಯ ಪದ್ಧತಿ ಬಂದಿದೆ. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯುಲು ಸಂಸ್ಥೆಯು ವಿತರಣಾ ಸವಾರರಿಗೆ ಇಂತಹ ಕಡಿಮೆ ವೇಗದ ವಾಹನಗಳನ್ನು ಬಾಡಿಗೆಗೆ ನೀಡುತ್ತದೆ. ಅದೇ ವರ್ಷ ಕರ್ನಾಟಕವು ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು.

ಸಣ್ಣ ಊರುಗಳಲ್ಲಿ

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಂತಹ ಊರಿನಲ್ಲಿ ಆಯ್ಕೆ ಬೇರೆಯಾಗಬಹುದು. ಕಾವೇರಿಯ ಆಚೆ ದಡದ ಕುಶಾಲನಗರ ಮತ್ತು ಹತ್ತಿರದ ಬೈಲಕುಪ್ಪೆಗೆ ಸೀಮಿತವಾದ ಕೆಲಸಕ್ಕೆ ಕಡಿಮೆ ವೇಗದ ವಾಹನ ಸಾಕಾಗಬಹುದು. ಹೆದ್ದಾರಿಯಲ್ಲಿ ಹುಣಸೂರಿನ ಕಡೆಗೋ, ಏರುದಾರಿಯಲ್ಲಿ ಮಡಿಕೇರಿಯ ಕಡೆಗೋ ನಿತ್ಯ ಹೋಗಬೇಕಾದಲ್ಲಿ ನೋಂದಾಯಿತ, ಹೆಚ್ಚು ಸಾಮರ್ಥ್ಯದ ವಾಹನವೇ ಸೂಕ್ತ. ವಿನಿಮಯ ಕೇಂದ್ರ ದಾರಿಯಲ್ಲಿಲ್ಲದಿದ್ದರೆ, ಕಳಚಿ ಮನೆಯೊಳಗೆ ಒಯ್ಯಬಹುದಾದ ಬ್ಯಾಟರಿ ಅನುಕೂಲಕರ.

ಸುರಕ್ಷತೆ

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಇತರ ಸಾಮಾನ್ಯ ಲಿಥಿಯಂ ಬ್ಯಾಟರಿಗಳಿಗಿಂತ ಶಾಖವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ ಮತ್ತು ಹೆಚ್ಚು ಕಾಲ ಬಾಳುತ್ತವೆ. ಆದರೆ ತೂಕ ಹೆಚ್ಚು. 2022ರಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಪ್ರಕರಣಗಳ ನಂತರ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಲಾಯಿತು. ವಾಹನದೊಂದಿಗೆ ಬಂದ ಚಾರ್ಜರನ್ನೇ ಬಳಸುವುದು, ಓಡಿ ಬಿಸಿಯಾದ ಬ್ಯಾಟರಿಯನ್ನು ತಣಿಯಲು ಬಿಟ್ಟು ಚಾರ್ಜಿಗೆ ಹಾಕುವುದು, ಊದಿದ ಅಥವಾ ನೀರು ಹೊಕ್ಕ ಬ್ಯಾಟರಿಯನ್ನು ಬಳಸದಿರುವುದು ಅಗತ್ಯ.