ಗೇಣುದ್ದದ ದಾರಿ, ಮಿಂಚಿನ ಓಟ

ಮೂಲೆಯ ಮೇಜನ್ನೆಲ್ಲ ಆಕ್ರಮಿಸಿ ಕೂತಿರುತ್ತಿದ್ದ ಹಳೆಯ ದಪ್ಪ ಟಿವಿ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ನೆನಪಿರುತ್ತದೆ. ಅದರ ಬೆನ್ನು ಅಷ್ಟು ಉದ್ದವಿದ್ದದ್ದು ಏಕೆ ಗೊತ್ತೇ ಮಕ್ಕಳೇ? ಅದರೊಳಗೆ ಎಲೆಕ್ಟ್ರಾನುಗಳು ಓಡುತ್ತಿದ್ದವು! ಹಿಂದಿನ ತುದಿಯಿಂದ ಹೊರಟ ಅವುಗಳನ್ನು ಸುಮಾರು 20 ಸಾವಿರ ವೋಲ್ಟ್ ಸೆಳೆದು ಪರದೆಗೆ ಬಡಿಸಿದಾಗ ಚಿತ್ರ ಬೆಳಗುತ್ತಿತ್ತು. ಅಂದರೆ ಮನೆಮನೆಯಲ್ಲೂ ಒಂದು ಪುಟ್ಟ ಕಣ ವೇಗವರ್ಧಕ ಯಂತ್ರವಿತ್ತು.

ಪರಮಾಣುವಿನ ಒಳಗನ್ನು ಇಣುಕಿ ನೋಡಲು ಇಷ್ಟು ವೇಗ ಸಾಲದು. ಅದಕ್ಕಾಗಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಳಿ, 1966ರಲ್ಲಿ ಒಂದು ಭಾರೀ ಯಂತ್ರ ಶುರುವಾಯಿತು. ಅದರ ಉದ್ದ 3.2 ಕಿಲೋಮೀಟರ್! ಈ ತುದಿಯಿಂದ ಆ ತುದಿಗೆ ನಡೆಯಲು ಮುಕ್ಕಾಲು ಗಂಟೆ ಬೇಕು. ಮುಂದೆ ಅದು ಎಲೆಕ್ಟ್ರಾನಿಗೆ 5,000 ಕೋಟಿ ವೋಲ್ಟಿನಷ್ಟು ಶಕ್ತಿ ತುಂಬಿತು.

ಉದ್ದ ಕಡಿಮೆ ಮಾಡಿ ವೋಲ್ಟ್ ಹೆಚ್ಚಿಸಬಾರದೇ? ಆಗದು. ಮೀಟರಿಗೆ ಸುಮಾರು 10 ಕೋಟಿ ವೋಲ್ಟ್ ದಾಟಿದರೆ ಲೋಹದ ಕೊಳವೆಯೊಳಗೆ ಕಿಡಿ ಹಾರುತ್ತದೆ, ಗೋಡೆ ಹಾಳಾಗುತ್ತದೆ.

ಹಾಗಾದರೆ ಹಾಳಾಗುವ ಗೋಡೆಯೇ ಇಲ್ಲದಿದ್ದರೆ? ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬೇರೆ ಮಾಡಿದರೆ ಸಿಗುವುದು ಪ್ಲಾಸ್ಮಾ. ಸೂರ್ಯ ಪ್ಲಾಸ್ಮಾದ ಉಂಡೆ, ಮಿಂಚಿನ ಗೆರೆಯೂ ಪ್ಲಾಸ್ಮಾವೇ. ಪುಡಿಯಾದ ಮಡಕೆಯನ್ನು ಮತ್ತೆ ಒಡೆಯುವುದುಂಟೇ? ಪ್ಲಾಸ್ಮಾದಲ್ಲಿ ಪರಮಾಣುಗಳು ಆಗಲೇ ಒಡೆದಿರುತ್ತವೆ. ಹೀಗಾಗಿ ಅದು ಲೋಹಕ್ಕಿಂತ ಸಾವಿರ ಪಟ್ಟು ಬಲವಾದ ಎಳೆತವನ್ನೂ ತಾಳಿಕೊಳ್ಳುತ್ತದೆ.

ತೊಶಿಕಿ ತಾಜಿಮಾ ಮತ್ತು ಜಾನ್ ಡಾಸನ್ ಎಂಬ ವಿಜ್ಞಾನಿಗಳು 1979ರಲ್ಲಿ ಇದಕ್ಕೊಂದು ದಾರಿ ಹೇಳಿದರು. ಹೊಳೆಯಲ್ಲಿ ದೋಣಿ ವೇಗವಾಗಿ ಸಾಗಿದರೆ ಹಿಂದೆ ಅಲೆ ಏಳುತ್ತದೆಯಲ್ಲವೇ? ಪ್ಲಾಸ್ಮಾ ಎಂಬ ಹೊಳೆಯಲ್ಲಿ ಲೇಸರ್ ಬೆಳಕಿನ ತುಣುಕೇ ದೋಣಿ. ಅದು ನುಗ್ಗುವಾಗ ಹಗುರವಾದ ಎಲೆಕ್ಟ್ರಾನುಗಳು ಪಕ್ಕಕ್ಕೆ ಸರಿಯುತ್ತವೆ. ಎಲೆಕ್ಟ್ರಾನಿಗಿಂತ ಸುಮಾರು 1,836 ಪಟ್ಟು ಭಾರದ ಪ್ರೋಟಾನುಗಳು ಕದಲದೆ ಉಳಿದು, ದೂರ ಹೋದವರನ್ನು ಮತ್ತೆ ಸೆಳೆಯುತ್ತವೆ. ಹೀಗೆ ಬೆಳಕಿನ ಬೆನ್ನ ಹಿಂದೆಯೇ ಒಂದು ಅಲೆ ಓಡುತ್ತದೆ. ಸರಿಯಾದ ಜಾಗದಲ್ಲಿ ಈ ಅಲೆಯನ್ನೇರಿದ ಎಲೆಕ್ಟ್ರಾನಿಗೆ ಕ್ಷಣದಲ್ಲೇ ಅಪಾರ ಶಕ್ತಿ ಬರುತ್ತದೆ.

ಉಪಾಯವೇನೋ ಸಿಕ್ಕಿತು, ಆದರೆ ಅಷ್ಟು ಬಲವಾದ ಲೇಸರ್ ಆಗ ಇರಲಿಲ್ಲ. ಬೆಳಕನ್ನು ಬಲಪಡಿಸಹೋದರೆ ಲೇಸರ್ ಯಂತ್ರದ ಭಾಗಗಳೇ ಸುಟ್ಟುಹೋಗುತ್ತಿದ್ದವು. 1985ರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರು ಈ ಗಂಟನ್ನು ಬಿಡಿಸಿದರು. ಜಾತ್ರೆಯ ಜನ ಒಟ್ಟಿಗೆ ನುಗ್ಗಿದರೆ ಗುಡಿಯ ಬಾಗಿಲು ಮುರಿದೀತು. ಸಾಲಾಗಿ ಬಿಟ್ಟು, ಎಲ್ಲರಿಗೂ ಪ್ರಸಾದ ಕೊಟ್ಟು, ಆಚೆಯ ಅಂಗಳದಲ್ಲಿ ಮತ್ತೆ ಗುಂಪು ಸೇರಿಸಿದರೆ? ಅವರು ಬೆಳಕಿಗೂ ಹಾಗೆಯೇ ಮಾಡಿದರು: ಮೊದಲು ಎಳೆದು ಉದ್ದ ಮಾಡಿದರು, ಶಕ್ತಿ ತುಂಬಿದರು, ಕೊನೆಗೆ ಮತ್ತೆ ಒತ್ತಿ ಚಿಕ್ಕದಾಗಿಸಿದರು. ಇದಕ್ಕಾಗಿ 2018ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಭೌತವಿಜ್ಞಾನದ ನೊಬೆಲ್ ಪಡೆದ ಮೂರನೆಯ ಮಹಿಳೆ ಸ್ಟ್ರಿಕ್‌ಲ್ಯಾಂಡ್.

2004ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಅಮೆರಿಕದ ಮೂರು ತಂಡಗಳು ಕೆಲವೇ ಮಿಲಿಮೀಟರ್ ಪ್ಲಾಸ್ಮಾದಿಂದ ಒಂದೇ ಹದದ ಶಕ್ತಿಯುಳ್ಳ ಎಲೆಕ್ಟ್ರಾನ್ ಕಿರಣ ಪಡೆದವು. ಅಮೆರಿಕದ ಬರ್ಕ್ಲಿಯಲ್ಲಿ ಮುಂದೆ ದೊಡ್ಡದೊಂದು ಲೇಸರ್ ಬಂತು. ಅದರ ಹೆಸರು ಕೇಳಿದರೆ ನಿಮಗೆ ಬಾಯಲ್ಲಿ ನೀರೂರಬಹುದು: ಬೆಲ್ಲಾ! ಅದರ ಒಂದು ಮಿನುಗಿನಲ್ಲಿ ಇರುವ ಶಕ್ತಿ ಹೆಚ್ಚೆಂದರೆ ಒಂದು ಕಿಲೋ ಬೆಲ್ಲವನ್ನು 4 ಮೀಟರ್ ಮೇಲಕ್ಕೆತ್ತುವಷ್ಟು. ಆದರೆ ಆ ಶಕ್ತಿಯೆಲ್ಲ ಕಣ್ಣು ಮಿಟುಕಿಸುವುದಕ್ಕಿಂತ ಕೋಟ್ಯಂತರ ಪಟ್ಟು ಕಡಿಮೆ ಸಮಯದಲ್ಲಿ ಹೊಮ್ಮುತ್ತದೆ. ಅದರ ಬಲ ಇರುವುದು ಅಲ್ಲೇ. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಲ್ಲಾ, ಬರೀ 20 ಸೆಂಟಿಮೀಟರಿನಲ್ಲಿ, ಅಂದರೆ ಗೇಣುದ್ದದಲ್ಲಿ, ಎಲೆಕ್ಟ್ರಾನುಗಳಿಗೆ 780 ಕೋಟಿ ವೋಲ್ಟಿನ ಶಕ್ತಿ ಕೊಟ್ಟಿತು. ಸ್ಟ್ಯಾನ್‌ಫರ್ಡ್ ಯಂತ್ರದ ಲೆಕ್ಕದಲ್ಲಿ ಇದಕ್ಕೆ ಅರ್ಧ ಕಿಲೋಮೀಟರ್ ಬೇಕಿತ್ತು!

ಇದರಿಂದ ನಮಗೇನು ಲಾಭ ಎಂದು ಅಜ್ಜಿ ಕೇಳಿಯಾರು. ಕ್ಯಾನ್ಸರ್ ರೋಗಿಗಳಿಗೆ 'ಕರೆಂಟ್ ಕೊಡುವುದು' ಎಂದು ಜನ ಹೇಳುವ ಚಿಕಿತ್ಸೆಯಿದೆಯಲ್ಲ, ಅದನ್ನು ಸಾಮಾನ್ಯವಾಗಿ ಕೊಡುವುದು ಎಲೆಕ್ಟ್ರಾನುಗಳನ್ನು ಓಡಿಸುವ ಯಂತ್ರವೇ. ಆಸ್ಪತ್ರೆಯ ಈಗಿನ ಯಂತ್ರದ ಎಲೆಕ್ಟ್ರಾನುಗಳು ಮೈಯೊಳಗೆ ಕೆಲವೇ ಸೆಂಟಿಮೀಟರ್ ಹೋಗುತ್ತವೆ. ಹತ್ತು ಪಟ್ಟು ಶಕ್ತಿ ಕೊಟ್ಟರೆ ಆಳದ ಗೆಡ್ಡೆಯನ್ನೂ ಮುಟ್ಟಬಲ್ಲವು. ಅಷ್ಟು ಶಕ್ತಿಯ ಯಂತ್ರ ಆಸ್ಪತ್ರೆಯ ಕೋಣೆಯೊಳಗೆ ಹಿಡಿಸಬೇಕಾದರೆ ಈ ಗೇಣುದ್ದದ ದಾರಿ ನೆರವಾದೀತು.

ಕೆಲಸ ಇನ್ನೂ ಬಾಕಿಯಿದೆ. ಓಟದ ದಾರಿ ಗೇಣುದ್ದವಾದರೂ ಲೇಸರಿಗೆ ಇಡೀ ಕೋಣೆಯೇ ಬೇಕು. ಬೆಲ್ಲಾ ಸೆಕೆಂಡಿಗೆ ಒಂದೇ ಸಲ ಮಿನುಗುತ್ತದೆ. ಪ್ರತಿ ಸಲವೂ ಕಿರಣ ಒಂದೇ ಸಮನಾಗಿ ಬರುವುದಿಲ್ಲ. ರೋಗಿಯ ಮೈಗೆ ಬಿಡುವ ಕಿರಣ ಹೀಗೆ ಏರುಪೇರಾದರೆ ನಡೆಯದು.

ಇಂದೋರಿನಲ್ಲಿ ನಮ್ಮ ವಿಜ್ಞಾನಿಗಳೂ ಈ ವಿದ್ಯೆಯಲ್ಲಿ ಪ್ರಯೋಗ ನಡೆಸಿದ್ದಾರೆ. ಅಲ್ಲಿನ ಕೇಂದ್ರಕ್ಕೆ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರಿದೆ. ತಾಜಿಮಾ ಮತ್ತು ಡಾಸನ್ ಅವರ ಉಪಾಯ ಒಳ್ಳೆಯ ಕಿರಣವಾಗಿ ಫಲಿಸಲು 25 ವರ್ಷ ಹಿಡಿಯಿತು. ಆ ಕಿರಣವನ್ನು ಆಸ್ಪತ್ರೆಯ ಬಾಗಿಲಿಗೆ ತರುವ ಕೈಗಳು ಇವತ್ತು ಈ ಪುಟ ತಿರುವುತ್ತಿರಲೂಬಹುದು.